ಸೂಕ್ಷ್ಮದರ್ಶಕದ ಹಳೆಯ ದೀಪವನ್ನು ನಾನು ಸರಿಪಡಿಸಿದ ಬಗೆ

ಕ್ಷಯರೋಗದ ಕಫ ಪರೀಕ್ಷೆಯಲ್ಲೇ ನನ್ನ ವೃತ್ತಿಯ ಬಹುಭಾಗ ಕಳೆಯಿತು. ಎಣ್ಣೆ ಹಾಕಿ ನೋಡುವ ನೂರು ಪಟ್ಟು ಹಿಗ್ಗಿಸುವ ಮಸೂರದಡಿ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂಥ ರೋಗಾಣು ಕಾಣಿಸಬೇಕಾದರೆ ಬೆಳಕು ಚೆನ್ನಾಗಿರಲೇಬೇಕು. ಆದ್ದರಿಂದಲೇ ಬಳ್ಳಾರಿಯ ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ ಅಂಬಾಲದ ದೀಪವೊಂದು ಕಣ್ಣಿಗೆ ಬಿದ್ದಾಗ ಬಿಟ್ಟುಬರಲು ಮನಸ್ಸಾಗಲಿಲ್ಲ.

ಲಂಡನ್ನಿನ ವಾಟ್ಸನ್, ಬೇಕರ್, ಸ್ವಿಫ್ಟ್ ಮುಂತಾದವರು ಎಣ್ಣೆ ದೀಪದ ಕಾಲದಿಂದಲೂ ಸೂಕ್ಷ್ಮದರ್ಶಕಕ್ಕೆಂದೇ ದೀಪ ಮಾಡುತ್ತಿದ್ದರು. ನಮ್ಮಲ್ಲಿ ಆ ಕೆಲಸಕ್ಕೆ ಹೆಸರಾದದ್ದು ಹರಿಯಾಣದ ಅಂಬಾಲದ ಸಣ್ಣ ಸಣ್ಣ ಕಾರ್ಖಾನೆಗಳು. ನನಗೆ ಸಿಕ್ಕ ದೀಪದ ಮೇಲೆ ಊರಿನ ಹೆಸರು ಮಾತ್ರ ಉಳಿದಿತ್ತು, ಮಾಡಿದವರದು ಅಳಿಸಿಹೋಗಿತ್ತು. ಆದರೆ ಅವರ ಕೈಗುಣ ಒಳಗೆ ಹಾಗೇ ಇತ್ತು: ಎಲ್ಲವೂ ಸ್ಕ್ರೂ ಜೋಡಣೆ, ಅಂಟಿಸಿದ ಭಾಗ ಒಂದೂ ಇಲ್ಲ.

ಮೊದಲು ವೈರು. ಹಳೆಯ ರಬ್ಬರ್ ಹೊದಿಕೆ ಮುಟ್ಟಿದರೆ ಉದುರುತ್ತಿತ್ತು. ಇಂಥ ದೀಪಗಳ ಒಳಗೆ ಬಿಳಿ ನಾರಿನ ಪದರ ಕಂಡರೆ ಅದನ್ನು ಕಲ್ನಾರು (ಆಸ್ಬೆಸ್ಟಾಸ್) ಎಂದೇ ಭಾವಿಸಿ, ಕೆರೆಯದೆ, ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ತೆಗೆಯಬೇಕು. ಆರು ವೋಲ್ಟಿನ ಮೂವತ್ತು ವಾಟ್ ಬಲ್ಬು ಐದು ಆಂಪಿಯರ್ ಎಳೆಯುತ್ತದೆ; ತೆಳು ವೈರು ಬಿಸಿಯಾಗುತ್ತದೆ. ದಪ್ಪ ವೈರಿಗೆ ಶಾಖ ತಡೆಯುವ ತೋಳು ತೊಡಿಸಿದೆ, ಲೋಹದ ಮೈಗೂ ಟ್ರಾನ್ಸ್‌ಫಾರ್ಮರಿಗೂ ಅರ್ಥಿಂಗ್ ಕೊಟ್ಟೆ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಪಂಪ್‌ಸೆಟ್ ಮೋಟಾರ್ ಸುತ್ತುವವರೇ ಸುತ್ತಿಕೊಟ್ಟರು.

ಹೆಚ್ಚು ತಾಳ್ಮೆ ಬೇಡಿದ್ದು ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್. ಕಾಗದದಷ್ಟು ತೆಳ್ಳಗಿನ ಉಕ್ಕಿನ ಎಸಳುಗಳು ಹಳೆಯ ಎಣ್ಣೆಗೆ ಕೆಂಪು ಧೂಳು ಸೇರಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಲ ಹಾಕಿದರೆ ಎಸಳಿನ ತುದಿಯ ಮೊಳೆ ಕಿತ್ತುಬರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಎಸಳು ತಿರುಗಿಸುವ ಹಿಡಿಯನ್ನು ಕೂದಲೆಳೆಯಷ್ಟೇ ಅತ್ತಿತ್ತ ಆಡಿಸುತ್ತ ಬಿಡಿಸಿದೆ. ಒಣಗಿದ ಮೇಲೆ ಎಣ್ಣೆ ಹಾಕಬಾರದು, ಮತ್ತೆ ಧೂಳು ಹಿಡಿಯುತ್ತದೆ. ಚಿಟಿಕೆ ಗ್ರಾಫೈಟ್ ಪುಡಿ ಸಾಕು.

ಐರಿಸ್ ಮೇಲೆ ಇಷ್ಟು ಕಾಳಜಿಗೆ ಕಾರಣವಿದೆ. ಚಪ್ಪಟೆ ಬತ್ತಿಯ ಕಾಲದಲ್ಲಿ ಜ್ವಾಲೆಯ ಬಿಂಬವನ್ನೇ ಮಾದರಿಯ ಮೇಲೆ ಬೀಳಿಸುತ್ತಿದ್ದರು. ಬತ್ತಿ ಉರಿದಂತೆ ಬೆಳಕು ಏರುಪೇರಾಗುತ್ತಿತ್ತು. ಜರ್ಮನಿಯ ಆಗಸ್ಟ್ ಕೋಹ್ಲರ್ 1893ರಲ್ಲಿ ಬೇರೆ ದಾರಿ ತೋರಿದರು: ಬೆಳಕಿನ ಮೂಲದ ಬಿಂಬ ಕಂಡೆನ್ಸರಿನ (ಸ್ಲೈಡಿನ ಕೆಳಗಿದ್ದು ಬೆಳಕನ್ನು ಒಟ್ಟುಗೂಡಿಸುವ ಮಸೂರದ) ಐರಿಸ್ ಮೇಲೆ, ದೀಪದ ಐರಿಸ್‌ನ ಬಿಂಬ ಮಾದರಿಯ ಮೇಲೆ. ಆಗ ಬಲ್ಬಿನೊಳಗಿನ ತಂತಿಯ ಸುರುಳಿ ಕಣ್ಣಿಗೆ ಕಾಣುವುದಿಲ್ಲ, ಬೆಳಕು ಮಾತ್ರ ಒಂದೇ ಸಮನಾಗಿ ಹರಡುತ್ತದೆ.

ನಾನು ಹೊಂದಿಸುವುದು ಹೀಗೆ. ಸೂಕ್ಷ್ಮದರ್ಶಕದ ಬುಡದ ಕನ್ನಡಿಯ ತಗ್ಗುಮುಖ ಬಿಟ್ಟು ಸಪಾಟು ಮುಖ ತಿರುಗಿಸುತ್ತೇನೆ. ದೀಪದ ಮಸೂರ ಸರಿಸಿ ಬಲ್ಬಿನ ಸುರುಳಿಯ ಬಿಂಬವನ್ನು ಮುಚ್ಚಿದ ಕಂಡೆನ್ಸರ್ ಐರಿಸ್ ಮೇಲೆ ಸ್ಪಷ್ಟವಾಗಿ ಮೂಡಿಸಿ, ಆ ಐರಿಸ್ ತೆರೆಯುತ್ತೇನೆ. ಬಳಿಕ ಸ್ಲೈಡ್ ಫೋಕಸ್ ಮಾಡಿ, ದೀಪದ ಐರಿಸ್ ಕಿರಿದಾಗಿಸಿ, ಅದರ ಅಂಚು ಚೂಪಾಗಿ ಕಾಣುವವರೆಗೆ ಕಂಡೆನ್ಸರನ್ನು ಏರಿಸಿ ಇಳಿಸುತ್ತೇನೆ. ಅಂಚು ನೋಟದಿಂದ ಆಚೆ ಸರಿಯುವಷ್ಟು ತೆರೆದರೆ ಆಯಿತು. ದೀಪ ಮಂಕಾದಷ್ಟೂ ಬೆಳಕು ಹಳದಿಯಾಗುವುದರಿಂದ ನೀಲಿ ಗಾಜು ಕಡ್ಡಾಯ.

ಎಲ್‌ಇಡಿ ಹಾಕಿಬಿಡಿ ಎನ್ನುವವರಿದ್ದಾರೆ. ನಮ್ಮ ಬೇಸಿಗೆಯಲ್ಲಿ ಅದರ ತಂಪು ದೊಡ್ಡ ಅನುಕೂಲವೇ. ಹಾಕುವುದಾದರೆ ಹೋಲ್ಡರನ್ನು ಮಾತ್ರ ಬದಲಿಸಿ; ಬಲ್ಬನ್ನು ನಡುವಿಗೆ ತರುವ ಸ್ಕ್ರೂಗಳನ್ನು ಕತ್ತರಿಸಬೇಡಿ, ಎಲ್‌ಇಡಿಯನ್ನೂ ನಡುವಿಗೆ ತರಬೇಕಾದದ್ದು ಅವುಗಳಿಂದಲೇ.