ವಾಂತಿ ಮಾತ್ರೆ ಕೊಡಿ ಎಂದು ಕೇಳಬೇಡಿ

ಚಾರ್ಮಾಡಿ ಘಾಟಿಯಲ್ಲಿ ನಾನು ಕಾರು ನಿಲ್ಲಿಸದ ತಿರುವು ಉಳಿದಿಲ್ಲ. 7ನೆಯ ವಯಸ್ಸಿನಲ್ಲಿ ಧರ್ಮಸ್ಥಳದ ಬಸ್ಸಿನಲ್ಲಿ ಶುರುವಾದ ವಾಂತಿ 58 ತುಂಬಿದರೂ ಬಿಟ್ಟಿಲ್ಲ. ಕೊಟ್ಟಿಗೆಹಾರದಲ್ಲಿ ಎಲ್ಲರೂ ಇಳಿದು ನೀರುದೋಸೆ ತಿನ್ನುವಾಗ ನಾನು ನಿಂಬೆಹಣ್ಣು ಮೂಸುತ್ತಾ ಕಾರಿನಲ್ಲೇ ಕುಳಿತಿರುತ್ತೇನೆ. ಇಂಥವಳಿಗೆ ಮಗ, ನಮ್ಮ ಮದುವೆಗೆ 35 ವರ್ಷವಾಯಿತೆಂದು, ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ 5 ರಾತ್ರಿಗಳ ಹಡಗಿನ ಟಿಕೆಟ್ ತೆಗೆದುಬಿಟ್ಟ. ಆಲ್ದೂರಿನ ಪಕ್ಕದ ನಮ್ಮ ತೋಟದಲ್ಲಿ ಕೊಯ್ಲು ಮುಗಿದು, ಕಾಫಿ ಒಣಗಿ ಮೂಟೆ ಸೇರುವಷ್ಟರಲ್ಲಿ ಫೆಬ್ರವರಿ ಕಳೆಯುತ್ತದೆ. ಹಾಗಾಗಿ ಪ್ರಯಾಣ ಮಾರ್ಚ್‌ಗೆ ಬಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಬರುವ ಹೊತ್ತಿನಲ್ಲಿ ತೋಟ ಬಿಟ್ಟು ಹೋಗುವುದೇ ಎಂದು ಯಜಮಾನರು ಗೊಣಗಿದರು. ನನ್ನ ಚಿಂತೆ ಬೇರೆ ಇತ್ತು. ಘಾಟಿಯಾದರೆ ಕಾರು ನಿಲ್ಲಿಸಿ ಇಳಿಯಬಹುದು, ಸಮುದ್ರದಲ್ಲಿ ಇಳಿಯುವುದೆಲ್ಲಿ?

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಪೇಟೆಯ ಔಷಧ ಅಂಗಡಿಗೆ ಹೋಗಿ, "ಪ್ರಯಾಣಕ್ಕೆ ವಾಂತಿ ಮಾತ್ರೆ ಕೊಡಿ" ಎಂದೆ. ಹುಡುಗ ತಲೆ ಎತ್ತದೆ ಒಂದು ಸ್ಟ್ರಿಪ್ ಕತ್ತರಿಸಿ ಕೊಟ್ಟ. ಹಡಗು ಹತ್ತುವ ಮೊದಲು ಪರೀಕ್ಷೆಯಾಗಲೆಂದು ಅದನ್ನು ನುಂಗಿ ಉಜಿರೆಯವರೆಗೆ ಹೋಗಿ ಬರಲು ಹೊರಟೆ. ಘಾಟಿಯ ಅರ್ಧಕ್ಕೂ ತಲುಪಲಿಲ್ಲ, ಬೆಳಗಿನ ಅಕ್ಕಿರೊಟ್ಟಿ ಹೊರಗೆ ಬಂತು. ಮರುದಿನ ಆ ಸ್ಟ್ರಿಪ್ಪನ್ನು ನಮ್ಮ ವೈದ್ಯರ ಮೇಜಿನ ಮೇಲಿಟ್ಟೆ. ಅವರು ನಕ್ಕರು. ಅದು ಆಂಡಾನ್ಸೆಟ್ರಾನ್. ಹೊಟ್ಟೆ ಕೆಟ್ಟು ವಾಂತಿಯಾದಾಗ, ಕ್ಯಾನ್ಸರ್ ಚಿಕಿತ್ಸೆಯ ಸಮಯದ ವಾಂತಿಗೆ ಅದು ಒಳ್ಳೆಯ ಔಷಧ. ಪ್ರಯಾಣದ ವಾಂತಿಯನ್ನು ಮಾತ್ರ ಅದು ತಡೆಯುವುದಿಲ್ಲ. ಕಾರಣವನ್ನೂ ಹೇಳಿದರು: ಈ ವಾಂತಿ ಹುಟ್ಟುವುದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ.

ಒಳಕಿವಿಯಲ್ಲಿ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ತಲೆ ಅಲುಗಿದರೆ ದ್ರವವೂ ಅಲುಗಿ, ಮಿದುಳಿಗೆ "ನಾವು ಓಲಾಡುತ್ತಿದ್ದೇವೆ" ಎಂದು ಸುದ್ದಿ ಕಳಿಸುತ್ತವೆ. ಹಡಗಿನ ಕೋಣೆಯೊಳಗೆ ಕುಳಿತ ಕಣ್ಣಿಗೆ ಮಂಚ, ಗೋಡೆ, ಕುರ್ಚಿ ಎಲ್ಲವೂ ನಿಂತಲ್ಲೇ ನಿಂತಿರುತ್ತವೆ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಈ ಜಗಳದ ಸಿಟ್ಟು ತೀರುವುದು ಹೊಟ್ಟೆಯ ಮೇಲೆ. ಆದ್ದರಿಂದ ಬೇಕಾದದ್ದು ಹೊಟ್ಟೆಯ ಮಾತ್ರೆಯಲ್ಲ, ಕಿವಿಯಿಂದ ಮಿದುಳಿಗೆ ಹೋಗುವ ಸುದ್ದಿಯನ್ನು ಮಂದಗೊಳಿಸುವ ಮಾತ್ರೆ. ಅಂಗಡಿಯಲ್ಲಿ ರೋಗದ ಹೆಸರು ಹೇಳಿದರೆ ಕೈಗೆ ಸಿಕ್ಕಿದ್ದು ಬರುತ್ತದೆ, ಔಷಧದ ಹೆಸರು ಹೇಳಿದರೆ ಅದೇ ಬರುತ್ತದೆ.

ನನ್ನ ಚೀಟಿಯಲ್ಲಿ ಎರಡು ಹೆಸರುಗಳಿದ್ದವು. ಒಂದು ಪ್ರೊಮೆಥಜೀನ್. ಅವೋಮಿನ್ ಎಂಬ ಹೆಸರಿನಲ್ಲಿ ಬರುವ 25 ಮಿಲಿಗ್ರಾಂ ಮಾತ್ರೆ ಇದೇ, ಘಾಟಿ ಹತ್ತಿಳಿಯುವ ನಮ್ಮ ಕಡೆಯ ಹಳಬರಿಗೆ ಪರಿಚಿತ. ದೀರ್ಘ ಪ್ರಯಾಣವಾದರೆ ಹಿಂದಿನ ರಾತ್ರಿ ಮಲಗುವಾಗ ಒಂದು, ಸಣ್ಣ ಪ್ರಯಾಣವಾದರೆ ಹೊರಡುವ 1–2 ಗಂಟೆ ಮೊದಲು ಒಂದು. ಇನ್ನೊಂದು ಸಿನ್ನರಿಜೀನ್, ಸ್ಟುಜೆರಾನ್ ಎಂದರೆ ಅಂಗಡಿಯವರಿಗೆ ತಿಳಿಯುತ್ತದೆ. ನನಗೆ ಬರೆದುಕೊಟ್ಟದ್ದು 25 ಮಿಲಿಗ್ರಾಂ, ಹೊರಡುವ 2 ಗಂಟೆ ಮೊದಲು ಒಂದು, ಅಗತ್ಯವಿದ್ದರೆ 8 ಗಂಟೆಗೊಮ್ಮೆ ಮತ್ತೊಂದು. ಇದು ನನ್ನ ತೂಕ, ನನ್ನ ವಯಸ್ಸು ನೋಡಿ ಬರೆದ ಲೆಕ್ಕ. ನಿಮ್ಮದನ್ನು ನಿಮ್ಮ ವೈದ್ಯರು ಬರೆಯಲಿ.

ಇವೆರಡನ್ನೂ ಮನೆಯಲ್ಲೇ ಪರೀಕ್ಷಿಸಿ ನೋಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹಡಗಿನ ಮೊದಲ ರಾತ್ರಿಯೇ ಹೊಸ ಮಾತ್ರೆ ನುಂಗಿದರೆ ಕಾಡುತ್ತಿರುವುದು ಅಲೆಯೋ ಮಾತ್ರೆಯೋ ಗೊತ್ತಾಗುವುದಿಲ್ಲ. ಚಿಕ್ಕಮಗಳೂರು, ಹಾಸನ ಜಿಲ್ಲೆಯವರಿಗೆ ಒಂದು ಅನುಕೂಲವಿದೆ: ಪರೀಕ್ಷೆಯ ಮೈದಾನ ಮನೆಯ ಬಾಗಿಲಲ್ಲೇ ಇದೆ. ನಮಗೆ ಚಾರ್ಮಾಡಿ, ಸಕಲೇಶಪುರದ ಕಡೆಯವರಿಗೆ ಶಿರಾಡಿ. ಹಿಂದಿನ ಸೀಟಿನಲ್ಲಿ ಕುಳಿತು, ತಲೆ ತಗ್ಗಿಸಿ ಮೊಬೈಲ್ ನೋಡುತ್ತಾ ಘಾಟಿ ಇಳಿಯಿರಿ. ಅದನ್ನು ತಡೆದುಕೊಂಡರೆ ಮಾರ್ಚ್‌ನ ಅರಬ್ಬೀ ಸಮುದ್ರ ದೊಡ್ಡದಲ್ಲ. ಕಾರು ಮಾತ್ರ ಇನ್ನೊಬ್ಬರು ಓಡಿಸಬೇಕು, ಈ ಮಾತ್ರೆಗಳು ನಿದ್ದೆ ತರಿಸುತ್ತವೆ.

ಎಷ್ಟು ನಿದ್ದೆ? ಅವೋಮಿನ್ ನುಂಗಿದ ದಿನ ನಾನು ಕೊಟ್ಟಿಗೆಹಾರದಲ್ಲಿ ಕಣ್ಣು ಮುಚ್ಚಿದವಳು ಉಜಿರೆಯಲ್ಲಿ ತೆರೆದೆ. ವಾಂತಿ ಇಲ್ಲ, ಆದರೆ ಸಂಜೆಯವರೆಗೂ ಬಾಯಿ ಒಣಗಿ, ತಲೆ ಹತ್ತಿ ತುಂಬಿದಂತಿತ್ತು. ಒಂದು ವಾರ ಬಿಟ್ಟು ಸಿನ್ನರಿಜೀನ್ ನುಂಗಿ ಹೋದೆ. ಸ್ವಲ್ಪ ಮಂಪರು, ಒಮ್ಮೆ ಆಕಳಿಕೆ, ಅಷ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ ಘಾಟಿಯ ಜಲಪಾತಗಳನ್ನು ಎಚ್ಚರದಲ್ಲಿ ನೋಡಿದೆ. ಬೇಸಿಗೆಯಲ್ಲಿ ನೀರು ಅಷ್ಟಕ್ಕಷ್ಟೇ, ಆದರೂ ನೋಡಿದೆ. ಹಡಗಿಗೆ ಅದೇ ಎಂದು ತೀರ್ಮಾನಿಸಿದೆ. ನನ್ನ ತಂಗಿಗೆ ಇದೇ ಮಾತ್ರೆ ಇಡೀ ದಿನ ಮಲಗಿಸುತ್ತದೆ. ಮೈಯಿಂದ ಮೈಗೆ ವ್ಯತ್ಯಾಸವಿದೆ.

ಯಜಮಾನರ ಕಥೆ ಬೇರೆ. 66 ವರ್ಷ, ಪ್ರಾಸ್ಟೇಟ್ ದೊಡ್ಡದಾಗಿದೆ, ರಾತ್ರಿ ಮೂರು ಸಲ ಏಳುತ್ತಾರೆ. ಇಂಥವರು ಪ್ರೊಮೆಥಜೀನ್ ತೆಗೆದುಕೊಂಡರೆ ಮೂತ್ರ ಕಟ್ಟಿಕೊಳ್ಳುವ ಅಪಾಯವಿದೆ ಎಂದು ವೈದ್ಯರು ಚೀಟಿಯ ಮೇಲೆಯೇ ಕೆಂಪು ಗೆರೆ ಎಳೆದರು. ಗ್ಲಾಕೋಮಾ ಇರುವವರೂ ಕೇಳದೆ ಮುಟ್ಟಬಾರದು. ಪಾರ್ಕಿನ್ಸನ್ ಇರುವವರಿಗೆ ಸಿನ್ನರಿಜೀನ್ ಕೂಡದು. ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಪ್ರೊಮೆಥಜೀನ್ ಅನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಅಷ್ಟು ಚಿಕ್ಕ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದೂ ಅಪರೂಪ, ಕಾಟ ಹೆಚ್ಚು 2ರಿಂದ 12ರ ನಡುವೆ. ಮಾತ್ರೆ ನುಂಗಿದ ದಿನ ಮದ್ಯ ಬೇಡ. ಹಡಗಿನಲ್ಲಿ ಪ್ರತಿ ಮೂಲೆಗೂ ಒಂದು ಬಾರ್ ಇರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಅಮೆರಿಕದಲ್ಲಿರುವ ಸೋದರ ಸೊಸೆ ಫೋನಿನಲ್ಲಿ ಕಿವಿಯ ಹಿಂದೆ ಅಂಟಿಸುವ ಪಟ್ಟಿಯನ್ನು ಹೊಗಳಿದಳು. ಅದು ಸ್ಕೋಪೋಲಮೈನ್. ಕನಿಷ್ಠ 4 ಗಂಟೆ ಮೊದಲು ಅಂಟಿಸಿದರೆ 3 ದಿನ ಕೆಲಸ ಮಾಡುತ್ತದೆ. ಅಂಟಿಸಿದ ಕೈಯಲ್ಲಿ ಕಣ್ಣು ಉಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಸುಕಾಗುತ್ತದಂತೆ, ಕೈ ತೊಳೆಯಬೇಕು. ನಮ್ಮ ಪೇಟೆಯಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಅದು ಸಿಗಲಿಲ್ಲ. ಒಂದು ಕಡೆ, ಸ್ಕೋಪೋಲಮೈನ್ ಎಂದರೂ ಹಯೋಸೀನ್ ಎಂದರೂ ಒಂದೇ ಎನ್ನುತ್ತಾ ಬುಸ್ಕೋಪಾನ್ ಮುಂದಿಟ್ಟರು. ಹೆಸರಿನ ಮೊದಲರ್ಧ ಒಂದೇ ಎಂಬುದು ನಿಜ. ಆದರೆ ಬುಸ್ಕೋಪಾನ್‌ನಲ್ಲಿರುವುದು ಹಯೋಸೀನ್ ಬ್ಯೂಟೈಲ್‌ಬ್ರೋಮೈಡ್, ಹೊಟ್ಟೆ ಹಿಂಡುವ ನೋವಿಗೆ ಕೊಡುವುದು. ಅದು ಮಿದುಳನ್ನು ತಲುಪುವುದೇ ಇಲ್ಲ, ಹಾಗಾಗಿ ಹಡಗಿಗೆ ಉಪಯೋಗವಿಲ್ಲ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದದೆ ದುಡ್ಡು ಕೊಡಬೇಡಿ. ಕನ್ನಡಕ ಮರೆತಿದ್ದರೆ ಮನೆಗೆ ಹೋಗಿ ತನ್ನಿ.

ಖರೀದಿಯನ್ನು ಹೊರಡುವ ಮೂರು ವಾರ ಮೊದಲೇ ಮುಗಿಸಿ. ಹೋಬಳಿಯ ಅಂಗಡಿಗಳಲ್ಲಿ ಸಿನ್ನರಿಜೀನ್ ಎಲ್ಲ ದಿನವೂ ಇರುವುದಿಲ್ಲ, ಚಿಕ್ಕಮಗಳೂರಿನಲ್ಲಿ ಹೇಳಿಟ್ಟರೆ ತರಿಸಿಕೊಡುತ್ತಾರೆ. ದಿನಕ್ಕೆ 3ರಂತೆ 5 ದಿನಕ್ಕೆ 15, ಕೈತಪ್ಪಿ ಬೀಳುವುದಕ್ಕೆ 5 ಸೇರಿಸಿ 20 ಕೊಂಡೆ. ಬಳಸಿದ್ದು 9. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್ಪಿನಲ್ಲೇ ಬಿಡಿ, ವೈದ್ಯರ ಚೀಟಿಯನ್ನು ಜೊತೆಗಿಡಿ. ಎರಡೂ ಕೈಚೀಲದಲ್ಲೇ ಇರಬೇಕು. ಹಡಗಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅವು ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಹಲವು ಗಂಟೆ ಕಳೆದಿರುತ್ತದೆ. ನಮ್ಮ ಪೆಟ್ಟಿಗೆ ಬಂದಾಗ ಮುಂಬೈಯ ದೀಪಗಳು ಆಗಲೇ ಹಿಂದೆ ಸರಿದಿದ್ದವು.

ಕೋಣೆ ಆರಿಸುವ ಅವಕಾಶವಿದ್ದರೆ ಕೆಳಗಿನ ಅಂತಸ್ತು, ಹಡಗಿನ ನಡುಭಾಗ ಕೇಳಿ. ತಕ್ಕಡಿಯ ತಟ್ಟೆಗಳು ಎಷ್ಟು ಏರಿಳಿದರೂ ನಡುಮುಳ್ಳಿನ ಬುಡ ಅಲ್ಲೇ ಇರುತ್ತದಲ್ಲ, ಹಾಗೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಎಗರಿ ಬಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಗ ಪ್ರೀತಿಯಿಂದ ಮೇಲಿನ ಅಂತಸ್ತಿನಲ್ಲಿ, ಮುಂಭಾಗದಲ್ಲಿ, ಬಾಲ್ಕನಿಯ ಕೋಣೆ ತೆಗೆದಿದ್ದ. ಏನು ಹೇಳುವುದು.

ಮಾತ್ರೆಯ ಗಡಿಯಾರವನ್ನು ಹಡಗು ಹತ್ತುವ ಸಮಯಕ್ಕಲ್ಲ, ಹಡಗು ಹೊರಡುವ ಸಮಯಕ್ಕೆ ಕಟ್ಟಿ. ನಾವು ಮಧ್ಯಾಹ್ನ ಹತ್ತಿದೆವು, ಹೊರಟದ್ದು ಸಂಜೆ. ಮೂರೂವರೆಗೆ ಒಂದು ಇಡ್ಲಿ ತಿಂದು ಮಾತ್ರೆ ನುಂಗಿದೆ. ಬಂದರಿನ ಒಳಗೆ ನೀರು ಕೆರೆಯಂತಿರುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೊಟ್ಟೆ ಕೆಲಸ ನಿಧಾನಿಸಿರುತ್ತದೆ, ಮಾತ್ರೆ ಅಲ್ಲೇ ಕೂರುತ್ತದೆ ಅಥವಾ ವಾಪಸ್ ಬರುತ್ತದೆ. ನುಂಗಿದ್ದು ವಾಂತಿಯಲ್ಲಿ ಹೋದರೆ ಮೇಲಿಂದ ಮೇಲೆ ನುಂಗುವುದು ಬೇಡ, ಹಡಗಿನ ವೈದ್ಯರ ಬಳಿ ಹೋಗಿ, ಇಂಜೆಕ್ಷನ್ ಇರುತ್ತದೆ.

ಬಿದ್ದವರು ನಾನಲ್ಲ, ಯಜಮಾನರು. 40 ವರ್ಷ ಚಾರ್ಮಾಡಿಯಲ್ಲಿ ಜೀಪು ಓಡಿಸಿದವನಿಗೆ ನೀರಿನ ಲೆಕ್ಕ ಏನು ಎಂದು ಬೀಗುತ್ತಿದ್ದರು. ವಿಷಯ ಇರುವುದೇ ಅಲ್ಲಿ. ಸ್ಟಿಯರಿಂಗ್ ಹಿಡಿದವನಿಗೆ ಮುಂದಿನ ತಿರುವು ಮೊದಲೇ ಗೊತ್ತಿರುತ್ತದೆ, ಹಾಗಾಗಿ ವಾಂತಿ ಬರುವುದಿಲ್ಲ. ಹಡಗಿನಲ್ಲಿ ಅವರೂ ನನ್ನಂತೆ ಹಿಂದಿನ ಸೀಟಿನವರೇ. ಎರಡನೆಯ ರಾತ್ರಿ ಗಾಳಿ ಎದ್ದಾಗ ಮುಖ ಬಿಳಿಚಿ, ಬೆವರಿ, ಸ್ನಾನದ ಮನೆ ಸೇರಿದರು. ಹಡಗಿನ ವೈದ್ಯರು ಮೊದಲು ಕೇಳಿದ್ದು ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನು. ಕೆಂಪು ಗೆರೆಯ ಚೀಟಿ ಅಲ್ಲಿ ಕೆಲಸಕ್ಕೆ ಬಂತು, ಪ್ರೊಮೆಥಜೀನ್ ಇಂಜೆಕ್ಷನ್ ಕೊಡಲಿಲ್ಲ. ಚಪ್ಪಟೆಯಾಗಿ ಮಲಗಿ ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ, ಬೆಳಕು ಹರಿದ ಮೇಲೆ ಹೊರಗಿನ ಡೆಕ್ಕಿಗೆ ಹೋಗಿ ಬಾನು ಕಡಲು ಕೂಡುವ ಗೆರೆಯನ್ನು ನೋಡುತ್ತಿರಿ ಎಂದರು. ಆ ಗೆರೆ ಅಲುಗುವುದಿಲ್ಲವಾದ್ದರಿಂದ ಹಡಗಿನ ಓಲಾಟ ಕಣ್ಣಿಗೂ ಕಾಣುತ್ತದೆ, ಕಣ್ಣು ಕಿವಿಗಳ ಜಗಳ ತಣ್ಣಗಾಗುತ್ತದೆ. ಎಂಟು ಗಂಟೆಗೆ ಇಡ್ಲಿ ಕೇಳಿದರು. ಕಾಫಿಯನ್ನೂ ಕೇಳಿದರು. ಆ ಹಡಗಿನ ಕಾಫಿಯ ಬಗ್ಗೆ ಬೆಳೆಗಾರಳಾಗಿ ನಾನು ಬಾಯಿ ಬಿಡುವುದಿಲ್ಲ.

ಶುಂಠಿ ಕೆಲವರಿಗೆ ಹಿಡಿಸುತ್ತದೆ, ಕೆಲವರಿಗಿಲ್ಲ. ಸಕ್ಕರೆ ಹಚ್ಚಿದ ಒಣಶುಂಠಿ ಚೂರುಗಳನ್ನು ನಾನು ಒಯ್ದಿದ್ದೆ, ಬಾಯಿ ರುಚಿಗಂತೂ ಆಯಿತು. ಮಣಿಕಟ್ಟನ್ನು ಒತ್ತಿ ವಾಕರಿಕೆ ತಡೆಯುತ್ತದೆ ಎನ್ನುವ ಗುಂಡಿಯ ಪಟ್ಟಿಯೂ ಶುಂಠಿಯಂತೆಯೇ, ಕೆಲವರಿಗೆ ಹಿಡಿಸುತ್ತದೆ, ಕೆಲವರಿಗಿಲ್ಲ. ಹೊಟ್ಟೆಗೆ ವೃತ್ತಪತ್ರಿಕೆ ಕಟ್ಟಿಕೊಳ್ಳುವ ನಮ್ಮ ಬಸ್ಸಿನ ವಿದ್ಯೆಯನ್ನು ಹಡಗಿನಲ್ಲಿ ಮಾಡಲು ಧೈರ್ಯ ಬರಲಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ಪದಾರ್ಥವೂ ಬೇಡ. ಮೂರನೆಯ ದಿನದ ಹೊತ್ತಿಗೆ ಮೈ ತಾನೇ ಒಗ್ಗಿಕೊಂಡಿತು, ಮಾತ್ರೆಯನ್ನು ರಾತ್ರಿ ಒಂದಕ್ಕೆ ಇಳಿಸಿದೆ.

ಒಂದು ವಿಷಯವನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಕಡೂರಿನಲ್ಲಿ ರೈಲಿಳಿದು ಮನೆ ಸೇರಿದ ಮೇಲೂ ಎರಡು ದಿನ ಕಾಫಿ ಕಣದ ನೆಲ ಕಾಲಡಿ ಮೆಲ್ಲಗೆ ಏರಿಳಿಯುತ್ತಿತ್ತು. ಕಣ್ಣು ಮುಚ್ಚಿ ಸ್ನಾನ ಮಾಡುವಾಗ ಗೋಡೆ ಹಿಡಿದುಕೊಂಡೆ. ಇದು ಸಮುದ್ರಕ್ಕೆ ಒಗ್ಗಿದ ಮಿದುಳು ನೆಲಕ್ಕೆ ಮರಳಿ ಒಗ್ಗುವ ಕಾಲ, ಮಾತ್ರೆ ಬೇಕಿಲ್ಲ. ವಾರಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಬೇಕು. ನನಗೆ ಮೂರನೆಯ ದಿನ, ಹೂಮಳೆ ಬಿದ್ದ ಬೆಳಿಗ್ಗೆ, ನಿಂತಿತು.