ಅಳಿವೆ ಬಾಗಿಲಿಗೆ ಎರಡು ದೀಪ: ನನ್ನ ಅನುಭವ

ಹೋದ ಎರಡು ಸೀಸನ್‌ನಲ್ಲಿ ನಮ್ಮ ಮೀನುಗಾರರ ಗುಂಪಿನ ಒಂದು ದೋಣಿಯೂ ರಾತ್ರಿ ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಬಾಯಲ್ಲಿ, ಮರಳು ಹತ್ತಿಲ್ಲ. ಮೊದಲು ವರ್ಷಕ್ಕೆ ಮೂರ್ನಾಲ್ಕು ಸಲ ಹತ್ತುತ್ತಿತ್ತು. ದಾರಿ ತೋರಿಸಲು ದಡದಲ್ಲಿ ಎರಡು ದೀಪದ ಕಂಬ ನಿಲ್ಲಿಸಿದ್ದೇ ಕಾರಣ. "ದಡದಲ್ಲಿ ದೀಪ ಇಟ್ರೆ ನೀರಿನ ದಾರಿ ಹೇಗೆ ಕಾಣ್ತದೆ ಮಾರಾಯಾ" ಎಂದವರೇ ಈಗ ದೀಪ ಹತ್ತೋದು ಹತ್ತು ನಿಮಿಷ ತಡವಾದರೂ ಫೋನ್ ಮಾಡುತ್ತಾರೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನಮ್ಮದು ಹೊನ್ನಾವರದ ಶರಾವತಿ ಅಳಿವೆ. ಮಳೆಗಾಲ ಮುಗಿದ ಮೇಲೆ ಮರಳದಿಬ್ಬ ಎಲ್ಲಿ ಕೂತಿರುತ್ತದೋ ಯಾರಿಗೂ ಗೊತ್ತಿರಲ್ಲ. ಕಾರವಾರದ ದೇವಗಡ ದ್ವೀಪದ ದೀಪಸ್ತಂಭ 1864ರದ್ದು, ಕಾಪುವಿನದ್ದು 1901ರದ್ದು. ಅವು ಊರು ಎಲ್ಲಿದೆ ಅಂತ ತೋರಿಸುತ್ತವೆ. ನಮಗೆ ಬೇಕಿದ್ದದ್ದು ದಿಬ್ಬ ತಪ್ಪಿಸಿ ಒಳಗೆ ಬರುವ ಬಾಗಿಲು ಎಲ್ಲಿದೆ ಅನ್ನೋದು.

ಮೊದಲು ಎಲ್ಲರ ಹಾಗೆ ನಾನೂ ಬೋಯಾದ, ಅಂದರೆ ನೀರಲ್ಲಿ ತೇಲುವ ಗುರುತಿನ, ಹಿಂದೆ ಬಿದ್ದೆ. 200 ಲೀಟರಿನ ನೀಲಿ ಡ್ರಮ್, ಮೇಲೆ ಪೈಪು, ಪೈಪಿನ ತುದಿಗೆ ಸೋಲಾರ್ ದೀಪ. ಬುಡಕ್ಕೆ ನಾವೇ ಎರಕ ಹೊಯ್ದ 100 ಕೆಜಿ ಸಿಮೆಂಟ್ ಕಲ್ಲು. ನೀರಿಗೆ ಇಳಿದರೆ ಅದು ಬರೀ 57 ಕೆಜಿಯ ಕೆಲಸ ಮಾಡುತ್ತದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಹುಣ್ಣಿಮೆಯ ಇಳಿತಕ್ಕೆ ಕಲ್ಲಿನ ಸಮೇತ ಹೋಯಿತು. ಎರಡನೆಯದಕ್ಕೆ 300 ಕೆಜಿ ಹಾಕಿದೆ, ಆದರೆ ಚೈನ್ ಗಿಡ್ಡವಾಯಿತು. ಉಬ್ಬರ ಬಂದಾಗ ಡ್ರಮ್ ತಲೆ ಬಗ್ಗಿಸಿ ಮುಳುಗಿಯೇ ಇರುತ್ತಿತ್ತು. ಮೂರನೆಯದಕ್ಕೆ ಆಳದ ಮೂರು ಪಟ್ಟು ಚೈನ್ ಬಿಟ್ಟೆ. ಅದು ನಿಂತಿತು. ಆದರೆ ದೀಪ ಕೈಕೊಟ್ಟಿತು.

ಆ ದೀಪವನ್ನು ದೂರದ ಊರಿನ ಒಂದು ಅಂಗಡಿಯಿಂದ ತರಿಸಿದ್ದೆ. "ಮೂರು ಮೈಲಿ ಕಾಣುತ್ತೆ" ಎಂದಿದ್ದರು. ದಕ್ಕೆಯ (ದೋಣಿ ಕಟ್ಟುವ ಕಟ್ಟೆಯ) ಮೇಲೆ ಇಟ್ಟು ನೋಡಿದಾಗ ನಿಜವಾಗಿಯೂ ಕಂಡಿತ್ತು. ಆದರೆ ಅದರ ಬೆಳಕು ಚಾಕುವಿನಷ್ಟು ತೆಳು. ತೆರೆಗೆ ಬೋಯಾ ಆ ಕಡೆ ಈ ಕಡೆ ಒಲೆದಾಗ ಬೆಳಕು ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ. ದೋಣಿಯಲ್ಲಿದ್ದವರಿಗೆ ಹತ್ತು ಮಿಣುಕಿನಲ್ಲಿ ಮೂರು ಕಂಡರೆ ಹೆಚ್ಚು. ಬೋಯಾಕ್ಕೆ ಮೇಲೆ ಕೆಳಗೆ ಅಗಲವಾಗಿ ಹರಡುವ ಲೆನ್ಸೇ ಬೇಕು. ಮೂರೂ ಬೋಯಾ ಸೇರಿ 80 ಸಾವಿರದ ಹತ್ತಿರ ಖರ್ಚಾಯಿತು. ಕೊನೆಯದನ್ನು ಯಾವುದೋ ಬೋಟಿನ ಬಲೆ ಎಳೆದುಕೊಂಡು ಹೋಯಿತು.

ನಡುವೆ ಒಂದು ಪ್ರಯೋಗ. ಚಿಪ್ಪು ಹಿಡಿಯಬಾರದು ಅಂತ ಬಣ್ಣಕ್ಕೆ ಮೆಣಸಿನ ಪುಡಿ ಕಲಸಿ ಅರ್ಧ ಡ್ರಮ್ಮಿಗೆ ಬಳಿದೆ. ಮೂರು ವಾರ ಬಿಟ್ಟು ಎತ್ತಿ ನೋಡಿದರೆ ಎರಡೂ ಕಡೆ ಒಂದೇ ಸಮ ಚಿಪ್ಪು. ಯಾರೂ ಮೆಣಸು ಹಾಳು ಮಾಡಬೇಡಿ.

ದಾರಿ ತೋರಿಸಿದವರು ನಮ್ಮ ಹಳೆಯ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು. ಹಗಲಲ್ಲಿ ಅವರು ನೀರನ್ನು ನೋಡುವುದಕ್ಕಿಂತ ಜಾಸ್ತಿ ದಡವನ್ನೇ ನೋಡುತ್ತಾರೆ. ಇಂಥ ತೆಂಗಿನಮರ ಹಿಂದಿನ ಗುಡ್ಡದ ಇಂಥ ಮೂಲೆಗೆ ಬಂತೋ, ಸೀದಾ ಬಿಡು ಅನ್ನುತ್ತಾರೆ. ಅದನ್ನೇ ರಾತ್ರಿಗೂ ಮಾಡೋಣ ಅನ್ನಿಸಿತು. ಒಂದು ದೀಪ ಮುಂದೆ ತಗ್ಗಿನಲ್ಲಿ, ಇನ್ನೊಂದು ಹಿಂದೆ ಎತ್ತರದಲ್ಲಿ. ಒಂದರ ನೆತ್ತಿಯ ಮೇಲೆ ಒಂದು ಕೂತರೆ ದಾರಿ ಸರಿ. ದೊಡ್ಡ ಬಂದರುಗಳಲ್ಲಿ ಇದು ಹಳೇ ಪದ್ಧತಿ. "ದಿಬ್ಬ ಸರಿದರೆ ನಿನ್ನ ಕಂಬವೂ ಸರಿಯುತ್ತದಾ?" ಅಂತ ಎಲ್ಲರೂ ಕೇಳಿದರು. ಸರಿಯುವ ಹಾಗೆ ಮಾಡಿದೆ.

ಅದೂ ಒಂದೇ ಏಟಿಗೆ ಆಗಲಿಲ್ಲ. ಮೊದಲು ಎರಡು ಕಂಬದ ನಡುವೆ 40 ಮೀಟರ್ ಅಂತರ ಇಟ್ಟೆ. 800 ಮೀಟರ್ ಹೊರಗಿನಿಂದ ನೋಡಿದರೆ ದೋಣಿ 20 ಮೀಟರ್ ಪಕ್ಕಕ್ಕೆ ಹೋದರೂ ದೀಪಗಳು ಕೂಡಿಕೊಂಡ ಹಾಗೇ ಕಾಣುತ್ತಿದ್ದವು. ನಮ್ಮ ದಾರಿಯ ಅಗಲವೇ 50 ಮೀಟರ್ ಇರಬಹುದು. ಹಿಂದಿನ ಕಂಬವನ್ನು 200 ಮೀಟರ್ ಹಿಂದಕ್ಕೆ ಒಯ್ದ ಮೇಲೆ ಐದಾರು ಮೀಟರ್ ತಪ್ಪಿದರೂ ಕಣ್ಣಿಗೆ ತಿಳಿಯತೊಡಗಿತು.

ಹಿಂದಿನ ಕಂಬದ ಜಾಗದಲ್ಲಿ ಅಡ್ಡಸಾಲಾಗಿ ಹನ್ನೊಂದು ಸಿಮೆಂಟ್ ಗುಂಡಿ ಹಾಕಿದ್ದೇನೆ, ಎರಡೆರಡು ಮೀಟರಿಗೆ ಒಂದು. ಕಂಬವನ್ನು ಒಂದು ಗುಂಡಿ ಸರಿಸಿದರೆ 800 ಮೀಟರ್ ಹೊರಗೆ ದಾರಿ 8 ಮೀಟರ್ ಸರಿಯುತ್ತದೆ, ಅದೂ ಎದುರು ದಿಕ್ಕಿಗೆ. ಮೊದಲ ಸಲ ನಾನು ಉಲ್ಟಾ ಸರಿಸಿದ್ದೆ. ಹಗಲಲ್ಲೇ ದೋಣಿ ಬಿಟ್ಟು ನೋಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹಗಲಲ್ಲಿ ನೋಡದೆ ರಾತ್ರಿ ದೀಪ ಹಚ್ಚಲೇಬೇಡಿ.

ಹದಿನೈದು ದಿನಕ್ಕೊಮ್ಮೆ ಆಳ ಅಳೆಯುತ್ತೇವೆ. ಹಗ್ಗಕ್ಕೆ ಕಟ್ಟಿದ ಸೀಸದ ಗುಂಡಿನ ಬುಡಕ್ಕೆ ಗ್ರೀಸ್ ಮೆತ್ತಿ ನೀರಿಗೆ ಬಿಡುತ್ತೇವೆ. ಮೇಲೆ ಬಂದಾಗ ಅದಕ್ಕೆ ಅಂಟಿದ್ದು ಕರಿ ಕೆಸರಾದರೆ ಹಳೇ ದಾರಿ, ದಪ್ಪ ಹೊಸ ಮರಳಾದರೆ ದಿಬ್ಬ ಬರುತ್ತಿದೆ ಅಂತ ಅರ್ಥ. ಇದು ನಮ್ಮ ಅಳಿವೆಯ ಲೆಕ್ಕ, ನಿಮ್ಮಲ್ಲಿ ಬೇರೆ ಇರಬಹುದು.

ಬಣ್ಣದ ವಿಷಯ. ಬಿಳಿ ದೀಪ ಮನೆಗಳ ಬಲ್ಬಿನಲ್ಲಿ ಕಳೆದುಹೋಯಿತು. ಹಸಿರು ಬೇಡ, ದಾರಿಯ ಬಲಗಡೆಯ ಬೋಯಾ ಅಂದುಕೊಳ್ಳುತ್ತಾರೆ. ಕೆಂಪು ಹಾಕಿದೆ. ಅದನ್ನೂ ಎಡಗಡೆಯ ಬೋಯಾ ಅಂದುಕೊಂಡಾರು ಅಂತ ಎರಡೂ ದೀಪ ಒಂದೇ ಕ್ಷಣಕ್ಕೆ ಹತ್ತಿ ಒಂದೇ ಕ್ಷಣಕ್ಕೆ ಆರುವ ಹಾಗೆ ಮಾಡಿದ್ದೇನೆ. ಬೇರೆ ಬೇರೆ ಮಿಣುಕಿದರೆ ಕೂಡಿವೆಯೋ ಇಲ್ಲವೋ ಕಣ್ಣಿಗೆ ತಿಳಿಯೋದಿಲ್ಲ. 200 ಮೀಟರ್ ವೈರ್ ಇಲ್ಲದೆ ಅದನ್ನು ಹೇಗೆ ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ನಾಲ್ಕು ತಿಂಗಳ ನಿದ್ದೆ ಹೋಗಿದೆ.

ಒಟ್ಟು ಖರ್ಚು ಕಂಬ, ಬ್ಯಾಟರಿ, ಗುಂಡಿ ಎಲ್ಲ ಸೇರಿ 35 ಸಾವಿರದ ಒಳಗೆ. ಬೋಯಾಕ್ಕೆ ಕಳೆದುಕೊಂಡದ್ದರ ಅರ್ಧವೂ ಇಲ್ಲ. ಬಂದರು ಕಚೇರಿಯ ಒಪ್ಪಿಗೆ ಮಾತ್ರ ಮೊದಲೇ ತೆಗೆದುಕೊಳ್ಳಿ. ಸುಮ್ನೆ ನಿಮ್ಮಷ್ಟಕ್ಕೆ ದೀಪ ಹಚ್ಚಿದರೆ ಹೊರಗಿನ ಬೋಟಿನವರು ದಾರಿ ತಪ್ಪುತ್ತಾರೆ.

ಈಗ ಜೂನ್, ಜುಲೈ ಬೋಟು ಕಟ್ಟಿರುವ ಸಮಯ. ಮುಂದಿನ ಕಂಬದ ಬುಡವನ್ನು ನೀರು ಕೊರೆಯುತ್ತಿದೆ, ಅಲ್ಲಿಗೆ ಎರಡು ಲೋಡ್ ಕಲ್ಲು ಬೇಕು. ಆಗಸ್ಟಿಗೆ ಮೊದಲು ಮತ್ತೆ ಸೀಸದ ಗುಂಡು ಬಿಟ್ಟು ಆಳ ಅಳೆಯಬೇಕು. ಹೋದ ಸಲ ಕಂಬ ಏಳನೇ ಗುಂಡಿಯಲ್ಲಿತ್ತು.