ಓಸಿಐ ಕಾರ್ಡ್ ಇದ್ದವರು ಹೆಸರು ಬದಲಿಸುವ ಕ್ರಮ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

ಕಲಬುರಗಿ ಕಡೆ ಹುಟ್ಟಿ, ಅಮೆರಿಕದ್ದೋ ಬ್ರಿಟನ್ನಿನದೋ ಪೌರತ್ವ ಪಡೆದು, ಊರಲ್ಲಿ ಹೊಲ, ಮನೆ, ಬ್ಯಾಂಕ್ ಖಾತೆ ಉಳಿಸಿಕೊಂಡವರು ಹೆಸರು ಬದಲಿಸಲು ಹೊರಟರೆ ಎಡವುವುದು ಬಹುತೇಕ ಒಂದೇ ಕಡೆ. ಕೆಲಸವನ್ನು ತಪ್ಪು ದೇಶದಿಂದ ಶುರು ಮಾಡುತ್ತಾರೆ. ರಜೆಗೆ ಬಂದಾಗ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹೋಗುತ್ತಾರೆ. ಪಾಸ್‌ಪೋರ್ಟ್ ಕೊಟ್ಟ ದೇಶ ತನ್ನ ಕಾನೂನಿನ ಪ್ರಕಾರ ಆದ ಆದೇಶವನ್ನೇ ಕೇಳುತ್ತದೆ. ಅಲ್ಲಿ ಹೆಸರು ಬದಲಾಗದೆ ಇಲ್ಲಿ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಅಂದರೆ ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ) ಕಾರ್ಡಿನಲ್ಲಿ ಬದಲಾಗುವುದಿಲ್ಲ. ಆದ್ದರಿಂದ ಕ್ರಮ ಇಷ್ಟೇ: ಮೊದಲು ಪಾಸ್‌ಪೋರ್ಟ್ ಕೊಟ್ಟ ದೇಶ, ಆಮೇಲೆ ಓಸಿಐ, ಕೊನೆಗೆ ಊರಿನ ಕಾಗದಗಳು.

ನೀವು ಯಾವ ದೇಶದ ಪ್ರಜೆ ಎಂಬುದು ಮೊದಲು ಖಚಿತವಾಗಲಿ

ಓಸಿಐ ಎಂದರೆ ಎರಡನೇ ಪೌರತ್ವ ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆಯ 9ನೇ ಕಲಂ ಎರಡೂ ಹೇಳುವುದು ಒಂದೇ: ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತದೆ. ಓಸಿಐ ಕಾರ್ಡು ವೀಸಾ ಇಲ್ಲದೆ ಬಂದು ಹೋಗುವ, ಇಲ್ಲಿ ನೆಲೆಸುವ ಹಕ್ಕು ಕೊಡುತ್ತದೆ. ಮತದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ತಂದೆ ತಾಯಿಯಿಂದ ವಾರಸುದಾರಿಕೆಯಲ್ಲಿ ಬಂದ ಹೊಲ ಇಟ್ಟುಕೊಳ್ಳಬಹುದು. ಹಳೆಯ ಭಾರತೀಯ ಪಾಸ್‌ಪೋರ್ಟ್ ಅವಧಿ ಇನ್ನೂ ಉಳಿದಿದೆ ಎಂದು ಅದರಲ್ಲೇ ಹೆಸರು ಬದಲಿಸಲು ಅರ್ಜಿ ಹಾಕುವುದು ಅಪರಾಧವಾಗುತ್ತದೆ. ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು.

ನಿಜಕ್ಕೂ ಎರಡು ಪೌರತ್ವ ಒಟ್ಟಿಗೆ ಇರುವ ಒಂದು ಸಂದರ್ಭ ಕಾಯ್ದೆಯಲ್ಲೇ ಇದೆ, ಅದು ಮಕ್ಕಳದು. ಅಮೆರಿಕದಂಥ ದೇಶದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಆ ದೇಶದ ಪೌರತ್ವ ಬರುತ್ತದೆ. ತಂದೆ ಅಥವಾ ತಾಯಿ ಭಾರತೀಯರಾಗಿದ್ದು, ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಿದರೆ 4ನೇ ಕಲಂ ಪ್ರಕಾರ ಭಾರತದ ಪೌರತ್ವವೂ ಸಿಗುತ್ತದೆ. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಆಗ ಘೋಷಣೆ ಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಪ್ರಾಪ್ತ ವಯಸ್ಸಾದ ಆರು ತಿಂಗಳೊಳಗೆ ಇನ್ನೊಂದು ಪೌರತ್ವ ಬಿಡದಿದ್ದರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಇಂಥ ಮಗುವಿನ ಹೆಸರು ಎರಡೂ ಕಡೆ ಒಂದೇ ಅಕ್ಷರದಲ್ಲಿರಬೇಕು. ಆಸ್ಪತ್ರೆಯಲ್ಲಿ ಜನನ ಪತ್ರದ ಅರ್ಜಿ ತುಂಬುವಾಗಲೇ ಅಜ್ಜ ಇಟ್ಟ ಹೆಸರೋ, ಕರೆಯುವ ಹೆಸರೋ ಎಂಬುದನ್ನು ತೀರ್ಮಾನಿಸಿಬಿಡಿ. ತೊಟ್ಟಿಲ ಹೆಸರನ್ನು ಆಮೇಲೆ ಸೇರಿಸುತ್ತೇವೆ ಎಂದುಕೊಂಡರೆ ಎರಡು ದೇಶಗಳಲ್ಲಿ ಎರಡು ಸಲ ಹೋರಾಟ.

ಬದಲಾವಣೆ ಬೇಕೇ, ಅಥವಾ ಗುರುತಿನ ಅಫಿಡವಿಟ್ ಸಾಕೇ?

ನಮ್ಮ ಭಾಗದ ಹೆಸರುಗಳಿಗೆ ಅವುಗಳದ್ದೇ ತೊಡಕುಗಳಿವೆ. ಶರಣಬಸಪ್ಪ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ನಡುವಿನ ‘ಎ’ ಇದ್ದು ಒಂದು ಕಾಗದದಲ್ಲಿ, ಇಲ್ಲದೆ ಇನ್ನೊಂದರಲ್ಲಿ ಇರುತ್ತದೆ. ಮೊಹಮ್ಮದ್ ಎಂಬುದು ಶಾಲೆಯ ದಾಖಲೆಯಲ್ಲಿ ‘ಎಂಡಿ’ ಎಂದು ಕುಗ್ಗಿರುತ್ತದೆ, ವಿದೇಶಿ ಗುಮಾಸ್ತನಿಗೆ ಅದು ಬೇರೆಯೇ ಹೆಸರು. ಪಾಟೀಲ, ಬಿರಾದಾರ, ಹಿರೇಮಠ ಎಂಬ ಮನೆತನದ ಹೆಸರು ಪಹಣಿಯಲ್ಲಿದ್ದರೂ ಅಂಕಪಟ್ಟಿಯಲ್ಲಿ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಸರ್‌ನೇಮ್ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತದೆ. ಅದೇ ಮುಂದೆ ಲೈಸೆನ್ಸಿಗೂ ಬ್ಯಾಂಕಿಗೂ ಹರಡುತ್ತದೆ. ಹುಟ್ಟಿದ ಸ್ಥಳದಲ್ಲೂ ಗೊಂದಲ ಉಂಟು. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿಯಾಯಿತು. ಯಾದಗಿರಿ 2009ರ ಡಿಸೆಂಬರ್ ಕೊನೆಗೆ ಪ್ರತ್ಯೇಕ ಜಿಲ್ಲೆಯಾದ್ದರಿಂದ ಅದಕ್ಕೂ ಮೊದಲು ಅಲ್ಲಿ ಹುಟ್ಟಿದವರ ಕಾಗದದಲ್ಲಿ ಗುಲ್ಬರ್ಗಾ ಜಿಲ್ಲೆ ಎಂದಿರುತ್ತದೆ.

ಸ್ಥಳದ ಹೆಸರಿನ ವ್ಯತ್ಯಾಸಕ್ಕೆ ನಿಮ್ಮ ಹೆಸರು ಬದಲಿಸುವ ಪ್ರಶ್ನೆಯೇ ಇಲ್ಲ. ಹಳೆಯ ಪಾಸ್‌ಪೋರ್ಟಿನಲ್ಲಿ ಗುಲ್ಬರ್ಗಾ ಇದ್ದರೆ ವಿದೇಶಿ ಅರ್ಜಿಗಳಲ್ಲೂ ಹಾಗೆಯೇ ಬರೆಯುತ್ತಾ ಹೋಗಿ, ನಡುವೆ ಬದಲಿಸಬೇಡಿ. ಊರಿನ ಯಾವುದೋ ಒಂದು ಕಾಗದದಲ್ಲಿ ಅಕ್ಷರ ಹೆಚ್ಚುಕಡಿಮೆ ಇದ್ದರೆ ‘ಎರಡೂ ಹೆಸರಿನವರು ಒಬ್ಬರೇ’ ಎನ್ನುವ ಅಫಿಡವಿಟ್ ಹೆಚ್ಚಿನ ಕಡೆ ಸಾಕಾಗುತ್ತದೆ. ಪಾಸ್‌ಪೋರ್ಟಿನಲ್ಲೇ ಹೆಸರು ತಪ್ಪಾಗಿದ್ದರೆ, ಅಥವಾ ಹೊಸ ಹೆಸರೇ ಬೇಕೆನಿಸಿದರೆ ಮಾತ್ರ ಪೂರ್ತಿ ಬದಲಾವಣೆಗೆ ಇಳಿಯಿರಿ.

ಪಾಸ್‌ಪೋರ್ಟ್ ಕೊಟ್ಟ ದೇಶದಲ್ಲಿ

ಅಮೆರಿಕದಲ್ಲಿ ಹೆಸರು ಬದಲಾಗುವುದು ನೀವಿರುವ ರಾಜ್ಯದ ನ್ಯಾಯಾಲಯದ ಆದೇಶದಿಂದ, ಇಲ್ಲವೇ ಮದುವೆ ಪತ್ರದಿಂದ. ಇನ್ನೂ ಪೌರತ್ವ ಆಗಬೇಕಿರುವವರಿಗೆ ಸುಲಭದ ದಾರಿ ಇದೆ: ಎನ್-400 ಎಂಬ ಪೌರತ್ವದ ಅರ್ಜಿಯಲ್ಲೇ ಹೊಸ ಹೆಸರು ಕೇಳಬಹುದು, ನ್ಯಾಯಾಧೀಶರ ಎದುರು ಪ್ರಮಾಣವಚನ ನಡೆದರೆ ಅಲ್ಲೇ ಹೆಸರು ಬದಲಾಗುತ್ತದೆ. ‘ಎಫ್‌ಎನ್‌ಯು’ ತೊಲಗಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆ ಆದೇಶದ ಪ್ರತಿಯನ್ನು ಪೌರತ್ವ ಪತ್ರದ ಜೊತೆ ಜೋಪಾನ ಮಾಡಿ. ಸರೆಂಡರ್ ಸರ್ಟಿಫಿಕೇಟ್ ಹಳೆಯ ಹೆಸರಿನಲ್ಲಿ, ಓಸಿಐ ಅರ್ಜಿ ಹೊಸ ಹೆಸರಿನಲ್ಲಿ ಇರುತ್ತದೆ. ಎರಡನ್ನೂ ಬೆಸೆಯುವ ಕಾಗದ ಅದೊಂದೇ. ಇನ್ನು ಹೊಸ ಹೆಸರಿನ ಪಾಸ್‌ಪೋರ್ಟ್: ಅಮೆರಿಕದ ಪಾಸ್‌ಪೋರ್ಟ್ ಬಂದು ವರ್ಷದೊಳಗೆ ಹೆಸರು ಬದಲಾಗಿ, ಬದಲಾದ ವರ್ಷದೊಳಗೇ ಅರ್ಜಿ ಹಾಕಿದರೆ ಡಿಎಸ್-5504 ಫಾರಂ, ಅದಕ್ಕೆ ಶುಲ್ಕವಿಲ್ಲ. ಅವಧಿ ದಾಟಿದರೆ ಸಾಮಾನ್ಯ ನವೀಕರಣದ ಡಿಎಸ್-82, ಅದಕ್ಕೆ ಅರ್ಹತೆ ಇಲ್ಲದವರಿಗೆ ಡಿಎಸ್-11.

ಬ್ರಿಟನ್ನಿನಲ್ಲಿ 16 ದಾಟಿದವರು ಡೀಡ್ ಪೋಲ್ ಎಂಬ ಪತ್ರವನ್ನು ತಾವೇ ಬರೆದು ಸಾಕ್ಷಿಗಳ ಎದುರು ಸಹಿ ಮಾಡಿ ಹೆಸರು ಬದಲಿಸಬಹುದು. ಆದರೆ ಬೇರೆ ದೇಶದ ಪಾಸ್‌ಪೋರ್ಟ್ ಕೂಡ ಇದ್ದು ಅದರಲ್ಲಿ ಹಳೆಯ ಹೆಸರೇ ಇದ್ದರೆ, ಮೊದಲು ಅದನ್ನು ಸರಿಪಡಿಸಿ ಎಂದು ಬ್ರಿಟಿಷ್ ಪಾಸ್‌ಪೋರ್ಟ್ ಕಚೇರಿ ಹೇಳುತ್ತದೆ. ಒಬ್ಬರಿಗೆ ಎಲ್ಲ ಕಡೆ ಒಂದೇ ಹೆಸರು ಎಂಬುದು ಅವರ ನಿಯಮ. ಕೆನಡಾದಲ್ಲಿ ಪ್ರಾಂತ್ಯ, ಆಸ್ಟ್ರೇಲಿಯಾದಲ್ಲಿ ರಾಜ್ಯದ ಜನನ-ಮರಣ ನೋಂದಣಿ ಕಚೇರಿ ಈ ಕೆಲಸ ಮಾಡುತ್ತವೆ.

ಆದೇಶ ಕೈಗೆ ಬಂದ ತಕ್ಷಣ ಪ್ರಮಾಣೀಕೃತ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ತೆಗೆಸಿ, ಒಂದಕ್ಕೆ ಅಪೊಸ್ಟಿಲ್ (ಬೇರೆ ದೇಶದಲ್ಲೂ ಕಾಗದವನ್ನು ಒಪ್ಪುವಂತೆ ಮಾಡುವ ದೃಢೀಕರಣ ಮುದ್ರೆ) ಹಾಕಿಸಿ. ಅಮೆರಿಕದಲ್ಲಿ ಅದನ್ನು ಕೊಡುವುದು ಆದೇಶ ಹೊರಡಿಸಿದ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಕೆನಡಾ 2024ರ ಜನವರಿಯಿಂದ. ಊರಿಗೆ ಬಂದ ಮೇಲೆ ನೆನಪಾದರೆ ಇಲ್ಲಿಂದ ಹಾಕಿಸಲಾಗದು. ಅದು ಹೊರಟ ದೇಶದಲ್ಲೇ ಆಗಬೇಕಾದ ಮುದ್ರೆ.

ಓಸಿಐ ಕಾರ್ಡು

ಹೊಸ ಪಾಸ್‌ಪೋರ್ಟ್ ಆನ್‌ಲೈನ್ ಏರಿಸಿದರೆ ಕಾರ್ಡಿನಲ್ಲೂ ಹೆಸರು ಬದಲಾಯಿತು ಎಂಬ ದೊಡ್ಡ ತಪ್ಪುಗ್ರಹಿಕೆ ಇಲ್ಲಿದೆ. 2021ರ ಬದಲಾವಣೆಯ ನಂತರ, ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಓಸಿಐ ಮರುವಿತರಣೆ ಬೇಕಿಲ್ಲ. 20 ವರ್ಷದವರೆಗೆ ಪ್ರತಿ ಸಲ, 50 ದಾಟಿದ ಮೇಲೆ ಒಮ್ಮೆ, ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೋವನ್ನು ಮೂರು ತಿಂಗಳೊಳಗೆ ಆನ್‌ಲೈನ್ ಏರಿಸಿದರೆ ಸಾಕು, ಅದು ಉಚಿತ. 20 ತುಂಬುವ ಮೊದಲೇ ಕಾರ್ಡ್ ಪಡೆದವರು, 20ರ ನಂತರದ ಪಾಸ್‌ಪೋರ್ಟ್ ಬಂದಾಗ ಒಮ್ಮೆ ಮಾತ್ರ ಮರುವಿತರಣೆ ಮಾಡಿಸಬೇಕು. ಈ ಉಚಿತ ಸೇವೆಯಲ್ಲಿ ಹೊಸ ಹೆಸರಿನ ಪಾಸ್‌ಪೋರ್ಟ್ ಏರಿಸಿಬಿಟ್ಟರೆ ಹೆಸರೂ ಬದಲಾಯಿತು ಎಂದು ಸುಮ್ಮನಾಗುವವರಿದ್ದಾರೆ. ಹೆಸರು ಬದಲಾದರೆ ವಯಸ್ಸು ಎಷ್ಟೇ ಇರಲಿ, ವೈಯಕ್ತಿಕ ವಿವರ ಬದಲಾವಣೆ ಎಂದು ‘ಮಿಸಲೇನಿಯಸ್ ಸರ್ವೀಸಸ್’ ಅಡಿ ಮರುವಿತರಣೆಯ ಅರ್ಜಿಯನ್ನೇ ಹಾಕಬೇಕು. ಶುಲ್ಕ ವಿದೇಶದಲ್ಲಿ 25 ಡಾಲರ್, ಭಾರತದಲ್ಲಿ 1,400 ರೂಪಾಯಿ. ಹೊರಗುತ್ತಿಗೆ ಕೇಂದ್ರದ ಮೂಲಕ ಹೋದರೆ ಅದರ ಸೇವಾ ಶುಲ್ಕ ಬೇರೆ.

ಅರ್ಜಿಗೆ ಬೇಕಾದವು: ಹೊಸ ಹೆಸರಿನ ಪಾಸ್‌ಪೋರ್ಟ್, ಹಳೆಯ ಹೆಸರಿನ ಪಾಸ್‌ಪೋರ್ಟ್, ಈಗಿನ ಓಸಿಐ ಕಾರ್ಡು, ಹೆಸರು ಬದಲಿಸಿದ ಆದೇಶ ಅಥವಾ ಮದುವೆ ಪತ್ರ. ಫೋಟೋ 51 ಮಿಮೀ ಚೌಕ. ಹಿನ್ನೆಲೆ ತಿಳಿಬಣ್ಣದ್ದಾಗಿರಲಿ, ಬಿಳಿ ಬೇಡ. ಊರಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಎಂದರೆ ಬಿಳಿ ಹಿನ್ನೆಲೆಯನ್ನೇ ಹಾಕಿ ಕೊಡುತ್ತಾರೆ, ಮೊದಲೇ ಹೇಳಿ. ಸಹಿಯ ಚಿತ್ರದ ಅಗಲ ಎತ್ತರದ ಮೂರು ಪಟ್ಟು ಇರಬೇಕು.

ವಿದೇಶದಲ್ಲಿ ನೆಲೆಸಿದ್ದರೆ ನಿಮ್ಮ ಪ್ರದೇಶದ ಭಾರತೀಯ ದೂತಾವಾಸಕ್ಕೆ, ಇಲ್ಲೇ ನೆಲೆಸಿದ್ದರೆ ಬೆಂಗಳೂರಿನ ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ) ಕಚೇರಿಗೆ ಅರ್ಜಿ. ಬೀದರಿನವರಿಗೆ ಹೈದರಾಬಾದ್ ಕಣ್ಣಳತೆಯಲ್ಲಿದ್ದರೂ ಅಲ್ಲಿನ ಕಚೇರಿಯ ವ್ಯಾಪ್ತಿಗೆ ಕರ್ನಾಟಕ ಬರುವುದಿಲ್ಲ. ಹೊಸ ಕಾರ್ಡ್ ಬರುವವರೆಗೆ ಪ್ರಯಾಣ ಮಾಡಬೇಕಾದರೆ ಟಿಕೆಟ್ ಹೊಸ ಪಾಸ್‌ಪೋರ್ಟಿನ ಹೆಸರಿನಲ್ಲೇ ಇರಲಿ. ಹಳೆಯ ಪಾಸ್‌ಪೋರ್ಟ್ ಮತ್ತು ಆದೇಶದ ಪ್ರತಿ ಕೈಚೀಲದಲ್ಲಿರಲಿ, ಲಗೇಜಿನಲ್ಲಲ್ಲ.

ಇನ್ನೂ ಭಾರತದ ಪ್ರಜೆಯೇ ಆಗಿದ್ದರೆ

ಗ್ರೀನ್ ಕಾರ್ಡ್ ಅಥವಾ ಕೆಲಸದ ವೀಸಾದಲ್ಲಿರುವವರಿಗೆ, ಗಲ್ಫಿನಲ್ಲಿ ದುಡಿಯುವವರಿಗೆ ದಾರಿ ಬೇರೆ. ಅವರ ಹೆಸರು ಭಾರತದಲ್ಲೇ ಬದಲಾಗಬೇಕು: ಅಫಿಡವಿಟ್, ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು, ಆಮೇಲೆ ಭಾರತದ ರಾಜಪತ್ರದ (ಗೆಜೆಟ್) 4ನೇ ಭಾಗದಲ್ಲಿ ಪ್ರಕಟಣೆ. ಜಾಹೀರಾತು ಹೀಗಿದ್ದರೆ ಸಾಕು: ‘ನಾನು (ಹಳೆಯ ಹೆಸರು), ತಂದೆ (ಹೆಸರು), ಸಾಕಿನ್ (ಊರು, ತಾಲೂಕು, ಜಿಲ್ಲೆ), ಇಂದಿನಿಂದ (ಹೊಸ ಹೆಸರು) ಎಂದು ಕರೆಯಲ್ಪಡುತ್ತೇನೆ. ಈ ಬಗ್ಗೆ (ದಿನಾಂಕ)ದಂದು ನೋಟರಿ ಎದುರು ಅಫಿಡವಿಟ್ ಮಾಡಿರುತ್ತೇನೆ.’ ಎರಡೂ ಪತ್ರಿಕೆಯ ಪೂರ್ತಿ ಪುಟವನ್ನು ಇಟ್ಟುಕೊಳ್ಳಿ, ಕತ್ತರಿಸಿದ ತುಂಡನ್ನಲ್ಲ. ಪತ್ರಿಕೆಯ ಹೆಸರು, ದಿನಾಂಕ ಕಾಣಬೇಕು.

ರಾಜಪತ್ರದ ಅರ್ಜಿ ಹೋಗುವುದು ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಾಶನ ಇಲಾಖೆಗೆ. ಪ್ರಕಟಣೆಯ ನಮೂನೆಯಲ್ಲಿ ಸಹಿ ಹಳೆಯ ಹೆಸರಿನಲ್ಲಿರಬೇಕು. ಹೊಸ ಹೆಸರಿನ ಉತ್ಸಾಹದಲ್ಲಿ ಹೊಸ ಸಹಿ ಹಾಕಿ ಅರ್ಜಿ ವಾಪಸ್ ಬರಿಸಿಕೊಳ್ಳಬೇಡಿ. ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ವಿದೇಶದಲ್ಲಿದ್ದು ಕಳಿಸುವವರು ಹೆಸರು ಬದಲಿಸುವ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ದೃಢೀಕರಿಸಿಕೊಳ್ಳಬೇಕು. ಪ್ರಕಟವಾದ ಮೇಲೆ ಪಾಸ್‌ಪೋರ್ಟ್ ಮರುವಿತರಣೆ. ವಯಸ್ಕರಿಗೆ 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟಕ್ಕೆ 2,000, ತತ್ಕಾಲ್ ಆದರೆ ಇನ್ನೂ 2,000. ಕಲಬುರಗಿಯಲ್ಲೇ ಸೇವಾ ಕೇಂದ್ರವಿದೆ.

ಇಷ್ಟು ಹೇಳಿದ ಮೇಲೆ ಒಂದು ಸಲಹೆ: ಹತ್ತಿರದಲ್ಲೇ ವಿದೇಶಿ ಪೌರತ್ವದ ಪ್ರಮಾಣವಚನ ಇದ್ದರೆ ಭಾರತದ ಈ ದಾರಿ ಹಿಡಿಯಬೇಡಿ. ಅರ್ಜಿಯ ನಡುವೆ ಹೆಸರು ಬದಲಾದರೆ ಅಲ್ಲಿನ ಕಡತಕ್ಕೂ ಕೈಯಲ್ಲಿರುವ ಪಾಸ್‌ಪೋರ್ಟಿಗೂ ತಾಳೆಯಾಗುವುದಿಲ್ಲ.

ಊರಿನ ಕಾಗದಗಳು

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ಹಿಂದೆ ಅಕ್ಷರ ತಿದ್ದಿಸಿ ಒಂದು ಸಲ ಖರ್ಚಾಗಿದ್ದರೆ ಈ ಸಲ ಕೊನೆಯದು. ಓಸಿಐದಾರರಿಗೆ ಆಧಾರ್ ಸಿಗುವುದು ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿದ್ದರೆ ಮಾತ್ರ. ಪ್ಯಾನ್ ಮತ್ತು ಬ್ಯಾಂಕಿನ ಎನ್‌ಆರ್‌ಒ (ಅನಿವಾಸಿಗಳ) ಖಾತೆಯನ್ನು ಜೊತೆಜೊತೆಯಾಗಿ ಬದಲಿಸಿ, ಒಂದು ಹಿಂದೆ ಉಳಿದರೆ ಬಡ್ಡಿಯ ಮೇಲೆ ಕಡಿತವಾದ ತೆರಿಗೆ ಹೊಂದಿಕೆಯಾಗದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಬೆನ್ನು ಹತ್ತಬೇಡಿ. ಅದು ಹಳೆಯ ಹೆಸರಿನಲ್ಲೇ ಇರಲಿ, ಆದೇಶದ ಪ್ರತಿಯನ್ನು ಜೊತೆಗಿಟ್ಟರಾಯಿತು.

ಹೊಲದ ವಿಷಯ ಮಾತ್ರ ನಿಧಾನವಾಗಿ ನೋಡಬೇಕಾದ್ದು. ತಂದೆ ತೀರಿಕೊಂಡು ಪೌತಿ ಖಾತೆ ಆಗಬೇಕಿದ್ದರೆ, ವಂಶವೃಕ್ಷದಲ್ಲಿ ನಿಮ್ಮ ಹೆಸರು ಹುಟ್ಟಿದಾಗಿನದೇ ಬರುತ್ತದೆ, ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆ ಮಾಡುವಾಗ ಊರವರು ಹೇಳುವುದೂ ಅದನ್ನೇ. ಅಲ್ಲಿ ಹೊಸ ಹೆಸರು ಮಾತ್ರ ಬರೆಸಿದರೆ ನೀವು ಯಾರೆಂದು ಕಾಗದ ಹೇಳುವುದಿಲ್ಲ, ಹಳೆಯದು ಮಾತ್ರ ಬರೆಸಿದರೆ ಮುಂದೆ ಮಾರುವಾಗ ಪಾಸ್‌ಪೋರ್ಟಿಗೆ ತಾಳೆ ಬೀಳುವುದಿಲ್ಲ. ಆದ್ದರಿಂದ ವಂಶವೃಕ್ಷ, ಪೌತಿ ಅರ್ಜಿ ಎರಡರಲ್ಲೂ ‘ಹಳೆಯ ಹೆಸರು ಉರ್ಫ್ ಹೊಸ ಹೆಸರು’ ಎಂದೇ ಬರೆಸಿ, ಅಪೊಸ್ಟಿಲ್ ಆದ ಆದೇಶದ ಪ್ರತಿ ಲಗತ್ತಿಸಿ. ಖಾತೆ ಈಗಾಗಲೇ ಹಳೆಯ ಹೆಸರಿನಲ್ಲಿದ್ದರೆ ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ನಿಮ್ಮ ಪರವಾಗಿ ಅಣ್ಣನೋ ತಂಗಿಯೋ ಓಡಾಡುವುದಾದರೆ ವಿದೇಶದಲ್ಲಿ ಮಾಡಿದ ಮುಖ್ತಿಯಾರ ಪತ್ರದಲ್ಲೂ ಎರಡೂ ಹೆಸರು ಇರಲಿ. ಆ ಪತ್ರ ಇಲ್ಲಿಗೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಬಂದ ಲಕೋಟೆಯನ್ನೂ ಎಸೆಯಬೇಡಿ, ಯಾವ ದಿನ ಬಂತೆಂಬುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಪುರಾವೆ.